‘ಡ್ರಾಸ್ಟಿಕಲಿ’ ಎಂಬ ಕಟುಮದ್ದು

ಟೊಮೆಟೊ ಬೆಲೆ ‘ಡ್ರಾಸ್ಟಿಕಲಿ’ ಇಳಿಯಿತು, ಹವೆ ‘ಡ್ರಾಸ್ಟಿಕಲಿ’ ಬದಲಾಯಿತು, ಮಗನ ಅಂಕ ‘ಡ್ರಾಸ್ಟಿಕಲಿ’ ಕಡಿಮೆಯಾಯಿತು. ಕನ್ನಡ ಮಾತಿನ ನಡುವೆ ಈ ಇಂಗ್ಲಿಷ್ ಪದ ಈಗ ಸಲೀಸಾಗಿ ನುಸುಳುತ್ತದೆ. ಅದರ ನಿಜವಾದ ತೂಕವೆಷ್ಟು?

ಪದದ ತವರು ಗ್ರೀಕ್ ಭಾಷೆ. ಅಲ್ಲಿ ‘ಡ್ರಾನ್’ ಎಂದರೆ ಮಾಡು, ಎಸಗು. ‘ಡ್ರಾಮಾ’ ಕೂಡ ಇದೇ ಧಾತುವಿನ ಕೂಸು. ‘ಡ್ರಾಸ್ಟಿಕೋಸ್’ ಎಂದರೆ ಪರಿಣಾಮಕಾರಿಯಾದದ್ದು. 17ನೇ ಶತಮಾನದ ಕೊನೆಯ ಹೊತ್ತಿಗೆ ಇದು ಇಂಗ್ಲಿಷಿಗೆ ಬಂದದ್ದು ವೈದ್ಯರ ಮಾತಾಗಿ. ಹೊಟ್ಟೆಯನ್ನು ಒಂದೇ ಪೆಟ್ಟಿಗೆ ತೊಳೆದುಬಿಡುವ ಉಗ್ರ ಭೇದಿಮದ್ದಿಗೆ ‘ಡ್ರಾಸ್ಟಿಕ್’ ಎನ್ನುತ್ತಿದ್ದರು. ನಮ್ಮ ನಾಟಿವೈದ್ಯರು ಅಂಜುತ್ತಲೇ ಬಳಸುವ ಜಾಪಾಳದ ಬೀಜದ ಎಣ್ಣೆಯನ್ನೂ 19ನೇ ಶತಮಾನದ ಯುರೋಪಿನ ವೈದ್ಯರು ಈ ಗುಂಪಿಗೇ ಸೇರಿಸಿದ್ದರು. ಅದೇ ಶತಮಾನದಲ್ಲಿ ಪದ ಮದ್ದಿನ ಸೀಸೆಯಿಂದ ಹೊರಬಿದ್ದು ಆಡಳಿತ, ವ್ಯಾಪಾರಗಳಿಗೂ ಹಬ್ಬಿತು. ಆದರೆ ಮದ್ದಿನ ಉಗ್ರತೆ ಅದರೊಳಗೆ ಉಳಿದೇ ಇತ್ತು.

ಕನ್ನಡಕ್ಕೆ ತರುವಾಗ ಹಲವರು ಇದಕ್ಕೆ ‘ಆಮೂಲಾಗ್ರ’ ಎಂದು ಬರೆಯುತ್ತಾರೆ. ಅದು ಅಷ್ಟಾಗಿ ಹೊಂದದು. ಆಮೂಲಾಗ್ರ ಎಂದರೆ ಬೇರಿನಿಂದ ತುದಿಯವರೆಗೆ. ಲ್ಯಾಟಿನ್ನಿನಲ್ಲಿ ಬೇರು ಎಂಬರ್ಥದ ‘ರಾಡಿಕ್ಸ್’ನಿಂದ ಬಂದ ‘ರ್‍ಯಾಡಿಕಲಿ’ಗೆ ಅದು ಸರಿಯಾದ ಜೋಡಿ. 1974ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಗೇಣಿದಾರನಿಗೆ ಉಳುವ ಹೊಲದ ಒಡೆತನ ಕೇಳುವ ಹಕ್ಕು ಕೊಟ್ಟಿತು. ಗೇಣಿಯ ಪ್ರಮಾಣವನ್ನಷ್ಟೇ ಇಳಿಸದೆ ಗೇಣಿ ಪದ್ಧತಿಯ ಬೇರಿಗೇ ಕೈಹಾಕಿದ ಈ ಬದಲಾವಣೆ ಆಮೂಲಾಗ್ರವಾದದ್ದು. ‘ಡ್ರಾಸ್ಟಿಕಲಿ’ ಹೇಳುವುದು ಬೇರಿನ ಮಾತನ್ನಲ್ಲ, ಪೆಟ್ಟಿನ ಬಿರುಸನ್ನು. ಅದಕ್ಕೆ ತೀವ್ರವಾಗಿ, ವಿಪರೀತವಾಗಿ ಎಂಬ ಮಾತುಗಳು ಹತ್ತಿರದವು.

ಈ ಪದ ನಿಜಕ್ಕೂ ಬೇಕಾಗುವ ಸಂದರ್ಭಗಳಿವೆ. ಭಾರತದ ಬಿಳಿಬೆನ್ನಿನ ರಣಹದ್ದು 1990ರ ದಶಕದ ಆರಂಭದಿಂದ 2007ರ ಹೊತ್ತಿಗೆ ಶೇಕಡಾ 99ಕ್ಕೂ ಹೆಚ್ಚು ಕಡಿಮೆಯಾಯಿತು. ದನಗಳಿಗೆ ನೋವು ಶಮನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸುತ್ತಿತ್ತು. ಈ ಕಾರಣ 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಿತು.

ನೂರರಲ್ಲಿ ಒಂದೂ ಉಳಿಯದ ಇಂಥ ಕುಸಿತಕ್ಕೆ ‘ಡ್ರಾಸ್ಟಿಕಲಿ’ ಎಂದರೆ ಕೇಳುವವರು ಬೆಚ್ಚಬೇಕು. ಟೊಮೆಟೊ ಎರಡು ರೂಪಾಯಿ ಇಳಿದಾಗಲೂ ಅದನ್ನೇ ಹೇಳಿದ್ದರೆ ಯಾರೂ ಬೆಚ್ಚುವುದಿಲ್ಲ. ಜಾಪಾಳವನ್ನು ನಿತ್ಯದ ಊಟಕ್ಕೆ ಯಾರೂ ಬಡಿಸುವುದಿಲ್ಲ. ಆ ಎಚ್ಚರ ಈ ಮಾತಿಗೂ ಬೇಕು.