ನಮೂನೆಯೂ ದಾಖಲೆಯೂ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾನು ಆರಿಸಿಕೊಂಡಿರುವ ವಿಷಯ ನೀರಸವೆಂದು ತೋರಬಹುದು: ಗಣಕಯಂತ್ರದ ತೆರೆಯ ಮೇಲೆ ನಾವು ತುಂಬುವ ಅರ್ಜಿಯ ನಮೂನೆ, ಮತ್ತು ಅದು ಹೋಗಿ ಸೇರುವ ದಾಖಲೆಗಳ ಭಂಡಾರ. ಆದರೆ ಜಾತಿ ಪ್ರಮಾಣಪತ್ರ, ವರಮಾನ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಕಾಲೇಜಿನ ಪ್ರವೇಶ ಇವೆಲ್ಲಕ್ಕೂ ಇಂದು ಈ ನಮೂನೆಯೇ ಹೆಬ್ಬಾಗಿಲಾಗಿರುವುದರಿಂದ, ಅದರ ಮರ್ಮವನ್ನು ಮಕ್ಕಳೂ ಹಿರಿಯರೂ ತಿಳಿದಿರುವುದು ಅವಶ್ಯಕ.

ತಾಳವಾಡಿ ಪ್ರತ್ಯೇಕ ತಾಲ್ಲೂಕಾಗುವುದಕ್ಕೆ ಮುಂಚೆ, ಇಂಥ ಕಾಗದವೊಂದು ಬೇಕಾದವರು ದಿಂಬಂ ಘಟ್ಟದ ೨೭ ತಿರುವುಗಳನ್ನಿಳಿದು ಸತ್ಯಮಂಗಲದ ತಾಲ್ಲೂಕು ಕಚೇರಿಗೆ ಹೋಗಬೇಕಾಗಿತ್ತು. ಈಗ ಇ-ಸೇವೈ ಕೇಂದ್ರದಲ್ಲಿ ಕುಳಿತು ಅರ್ಜಿ ಸಲ್ಲಿಸಬಹುದು. ಕಾಲಿನ ಶ್ರಮ ಕಡಿಮೆಯಾಯಿತು. ಎಚ್ಚರದ ಹೊಣೆ ಮಾತ್ರ ಹೆಚ್ಚಿತು. ಏಕೆಂಬುದನ್ನು ವಿವರಿಸುತ್ತೇನೆ.

ಶಾಲೆಯ ದಾಖಲಾತಿ ಪುಸ್ತಕವನ್ನು ನೀವೆಲ್ಲರೂ ಕಂಡಿದ್ದೀರಿ. ಮೇಲ್ಗಡೆ ಹೆಸರು, ತಂದೆಯ ಹೆಸರು, ಜನ್ಮದಿನಾಂಕ ಎಂಬ ಅಂಕಣಗಳು. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಸಾಲು. ಡೇಟಾಬೇಸ್ ಎಂಬುದೂ ಸಾಮಾನ್ಯವಾಗಿ ಇಂಥ ಕೋಷ್ಟಕಗಳ ಸಮೂಹವೇ. ೧೮೯೦ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಎಂಬಾತನ ಯಂತ್ರಗಳು, ರಂಧ್ರ ಕೊರೆದ ಕಾರ್ಡುಗಳಿಗೆ ಇಳಿಸಿದ ಜನರ ವಿವರಗಳನ್ನು ಎಣಿಸಿದವು. ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು, ವಿವರಗಳನ್ನು ಕೋಷ್ಟಕಗಳಲ್ಲಿರಿಸಿ ಅವುಗಳಿಗೆ ಪರಸ್ಪರ ಸಂಬಂಧ ಕಲ್ಪಿಸುವ ಕ್ರಮವನ್ನು ಪ್ರತಿಪಾದಿಸಿದನು. ಆ ತಳಹದಿ ಇಂದಿಗೂ ಬಳಕೆಯಲ್ಲಿದೆ.

ಇನ್ನು ನಮೂನೆಯ ಮಾತು. ತೆರೆಯ ಮೇಲಿನ ಪ್ರತಿಯೊಂದು ಖಾಲಿ ಮನೆಗೂ ನಮಗೆ ಕಾಣದ ಹೆಸರೊಂದಿರುತ್ತದೆ. ಆ ಹೆಸರನ್ನು ಕೋಷ್ಟಕದ ತಕ್ಕ ಅಂಕಣಕ್ಕೆ ಜೋಡಿಸುವುದೇ ನಮೂನೆಯನ್ನು ಡೇಟಾಬೇಸಿಗೆ ಸೇರಿಸುವ ಕಾರ್ಯದ ಮೊದಲ ಹೆಜ್ಜೆ. ನಾವು ‘ಸಲ್ಲಿಸು’ ಎಂಬ ಗುಂಡಿಯನ್ನೊತ್ತಿದೊಡನೆ, ನಡುವಣ ತಂತ್ರಾಂಶವು ಬರೆದುದನ್ನು ಪರೀಕ್ಷಿಸುತ್ತದೆ. ಫೆಬ್ರವರಿ ೩೦ ಎಂದು ಬರೆದರೆ ಒಪ್ಪದು. ಪಿನ್ ಕೋಡಿಗೆ ೬ ಅಂಕಿಗಳಿಲ್ಲದಿದ್ದರೆ ಹಿಂದಿರುಗಿಸುತ್ತದೆ. ಎಲ್ಲವೂ ಕ್ರಮವಾಗಿದ್ದರೆ ಹೊಸ ಸಾಲೊಂದು ದಾಖಲಾಗಿ, ನಮಗೆ ಅರ್ಜಿಯ ಸಂಖ್ಯೆ ದೊರೆಯುತ್ತದೆ. ಬೆಟ್ಟದ ಊರುಗಳಲ್ಲಿ ಸಂಪರ್ಕವು ನಡುವೆಯೇ ಕಡಿದುಹೋಗುವುದುಂಟು. ಬರೆದರೆ ಪೂರ್ತಿ ಬರೆಯಬೇಕು, ಇಲ್ಲವಾದರೆ ಏನನ್ನೂ ಬರೆಯಕೂಡದು ಎಂಬುದು ಒಳ್ಳೆಯ ಡೇಟಾಬೇಸಿನ ನಿಯಮ. ಆದಕಾರಣ ಸಂಖ್ಯೆ ಕೈಸೇರುವ ತನಕ ಕೆಲಸವಾಯಿತೆಂದು ಎದ್ದುಬರಬಾರದು. ಬಾರದಿದ್ದರೆ, ಮತ್ತೊಮ್ಮೆ ಸಲ್ಲಿಸುವ ಮೊದಲು ಹಿಂದಿನ ಅರ್ಜಿ ದಾಖಲಾಗಿದೆಯೇ ಎಂದು ವಿಚಾರಿಸಬೇಕು.

ಒಂದೇ ಹೆಸರಿನವರು ಒಂದೇ ಊರಿನಲ್ಲಿ ಹಲವರಿರುತ್ತಾರೆ. ಆದ್ದರಿಂದ ಪ್ರತಿಯೊಂದು ಸಾಲಿಗೂ ಬೇರಾರಿಗೂ ಇಲ್ಲದ ಸಂಖ್ಯೆಯೊಂದನ್ನು ಕೊಡುತ್ತಾರೆ. ತಮಿಳುನಾಡಿನ ಶಾಲೆಗಳ ‘ಎಮಿಸ್’ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗೆ ಒಂದು ಸಂಖ್ಯೆಯಿದೆ. ಇ-ಸೇವೈಯಲ್ಲಿ ಅರ್ಜಿದಾರನಿಗೆ ‘ಕ್ಯಾನ್’ ಎಂಬ ಸಂಖ್ಯೆಯಿದೆ. ಒಮ್ಮೆ ಆ ಸಂಖ್ಯೆ ಪಡೆದವರ ಹೆಸರು, ವಿಳಾಸ ಮೊದಲಾದವನ್ನು ಮುಂದಿನ ಅರ್ಜಿಗೆ ದಾಖಲೆಯಿಂದಲೇ ತೆಗೆದುಕೊಳ್ಳಬಹುದು. ಇದು ದೊಡ್ಡ ಉಪಕಾರ. ಆದರೆ ಮೊದಲ ಸಲ ತಪ್ಪಾಗಿ ಬರೆದಿದ್ದರೆ, ಆ ತಪ್ಪೂ ಅಷ್ಟೇ ನಿಷ್ಠೆಯಿಂದ ನಮ್ಮ ಬೆನ್ನು ಹತ್ತಿ ಬರುತ್ತದೆ!

ನಮ್ಮ ಗಡಿನಾಡಿನ ವಿಶೇಷ ಕಷ್ಟವಿರುವುದು ಇಲ್ಲಿಯೇ. ಮನೆಯ ಮಾತು ಕನ್ನಡ, ಸರ್ಕಾರದ ಭಾಷೆ ತಮಿಳು, ಮೇಲಿನ ವಿದ್ಯೆಯ ಕಾಗದಗಳು ಇಂಗ್ಲಿಷಿನವು. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗಗಳಿಗೂ ಹಾಗೆಯೇ. ಇದು ಆ ಭಾಷೆಯ ಕೊರತೆಯಲ್ಲ, ಅದರ ಕ್ರಮ. ಆದರೆ ಬಸವಣ್ಣನೆಂಬ ಹೆಸರನ್ನು ತಮಿಳಿನಲ್ಲಿ ಬರೆದು, ಅಲ್ಲಿಂದ ಇಂಗ್ಲಿಷಿಗೆ ಇಳಿಸುವಾಗ ಅದು ‘ಪಸವಣ್ಣ’ನಾಗಬಹುದು. ಮನುಷ್ಯರಾದ ನಾವು ಇಬ್ಬರೂ ಒಬ್ಬನೇ ಎಂದು ಅರಿಯುತ್ತೇವೆ. ಯಂತ್ರಕ್ಕೆ ಅವರು ಇಬ್ಬರೇ. ತಂದೆಯ ಹೆಸರಿನ ಮೊದಲಕ್ಷರವು ಒಂದು ಕಾಗದದಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಬಂದರೂ ಅದೇ ತೊಡಕು. ಒಂದು ಕಚೇರಿಯ ಸಂಖ್ಯೆಯನ್ನು ಇನ್ನೊಂದು ಕಚೇರಿಯು ಅರಿಯದಿದ್ದಾಗ, ಹೆಸರನ್ನೂ ಜನ್ಮದಿನಾಂಕವನ್ನೂ ಹೋಲಿಸಿ ನೋಡುವುದೇ ರೂಢಿ. ಚಾಮರಾಜನಗರಕ್ಕೋ ಮೈಸೂರಿಗೋ ಓದಲು ಹೋಗುವ ಹುಡುಗಿಯ ವಿದ್ಯಾರ್ಥಿವೇತನವು ಒಂದಕ್ಷರದ ಭೇದದಿಂದ ನಿಂತುಹೋಗುವುದೆಂದರೆ ಅದು ಸಣ್ಣ ಮಾತಲ್ಲ.

ನೆರೆಯ ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿದ ಬಳಿಕ, ಕೈಬರಹದ ಪಹಣಿಗಳ ಮಾನ್ಯತೆ ರದ್ದಾಯಿತು. ಯಂತ್ರದಲ್ಲಿದ್ದುದೇ ಪ್ರಮಾಣವೆನಿಸಿತು. ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ.

ತಾಯಿತಂದೆಯರಲ್ಲಿ ನನ್ನ ಅರಿಕೆಯಿಷ್ಟೆ. ಮನೆಯ ಪ್ರತಿಯೊಬ್ಬರ ಹೆಸರನ್ನೂ ಜನನ ಪ್ರಮಾಣಪತ್ರಕ್ಕೆ ಅನುಗುಣವಾಗಿ ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿರಿ. ಅರ್ಜಿ ತುಂಬಿಸುವಾಗ ಅದನ್ನು ಮುಂದಿಡಿರಿ. ವಿದ್ಯಾರ್ಥಿಗಳೇ, ಗುಂಡಿಯನ್ನೊತ್ತುವ ಮುನ್ನ ತೆರೆಯ ಮೇಲಿನದನ್ನು ನಿಮ್ಮ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಓದು ಬಾರದ ಅಜ್ಜಿಗೆ ತನ್ನ ಹೆಸರು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ಕನ್ನಡದ ಅಕ್ಷರಗಳಿಗೂ ಸ್ವಂತ ಸ್ಥಾನವಿರುವುದರಿಂದ, ಕನ್ನಡದ ಹೆಸರನ್ನು ಕನ್ನಡದಲ್ಲೇ ಇರಿಸಿಕೊಳ್ಳಲು ಯಂತ್ರಕ್ಕೆ ಅಡ್ಡಿಯೇನೂ ಇಲ್ಲ. ನಮೂನೆಯಲ್ಲಿ ಅದಕ್ಕೊಂದು ಮನೆ, ಕೋಷ್ಟಕದಲ್ಲಿ ಒಂದು ಅಂಕಣ ಇದ್ದರೆ ಸಾಕು. ಆ ಮನೆಯನ್ನು ಬರೆಯುವ ವಿದ್ಯೆಯನ್ನು ನಿಮ್ಮಲ್ಲಿ ಕೆಲವರಾದರೂ ಕಲಿತು, ಮೂರು ಭಾಷೆಗಳ ಈ ಬೆಟ್ಟದ ಜನರಿಗೆ ನೆರವಾಗಲೆಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.