ಉಸಿರಿಗೆ ಒಗ್ಗುವ ವಾದ್ಯ

ನಮ್ಮ ನಾಗಮಂಗಲ, ಪಾಂಡವಪುರದ ಕಡೆ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ ಹಾರ್ಮೋನಿಯಂ ಮೇಷ್ಟರನ್ನು ಪರಿಚಯಿಸಬೇಕಾಗಿಲ್ಲ. ರಂಗದ ಮಗ್ಗುಲಲ್ಲಿ ಕುಳಿತು, ಕಾಲಿನಿಂದ ತಿದಿಯೊತ್ತುತ್ತ, ಕೃಷ್ಣನಿಗೂ ದುರ್ಯೋಧನನಿಗೂ ಶ್ರುತಿ ಹಿಡಿದುಕೊಡುವವರು ಅವರೇ. ಆ ಹಾರ್ಮೋನಿಯಂನ ಒಡಲಲ್ಲಿ ನಾದ ಹುಟ್ಟಿಸುವ ಹಿತ್ತಾಳೆಯ ರೀಡುಗಳನ್ನು ಅಂಗೈಯಲ್ಲಿ ಅಡಗುವಷ್ಟು ಸಣ್ಣ ಡಬ್ಬಿಯಲ್ಲಿ ಜೋಡಿಸಿ, ತಿದಿಯ ಕೆಲಸವನ್ನು ಮನುಷ್ಯನ ಉಸಿರಿಗೆ ಒಪ್ಪಿಸಿದರೆ ಅದು ಹಾರ್ಮೋನಿಕ. ನಾವು ರೂಢಿಯಲ್ಲಿ ಮೌತ್ ಆರ್ಗನ್ ಎನ್ನುವ ವಾದ್ಯ. ಇದರಲ್ಲಿ ಬ್ಲೂಸ್ ಸಂಗೀತವನ್ನು ನುಡಿಸಬಯಸುವವರು ಯಾವ ಬಗೆಯದನ್ನು ಆರಿಸಿಕೊಳ್ಳಬೇಕು? ಮೇಲುನೋಟಕ್ಕೆ ಇದು ಅಂಗಡಿಯ ಪ್ರಶ್ನೆ. ಆದರೆ ಇದರ ಬೇರು ಸಂಗೀತದ ಒಂದು ಹಳೆಯ ವ್ಯಾಜ್ಯದಲ್ಲಿದೆ.

ಆ ವ್ಯಾಜ್ಯ ನಡೆದದ್ದು ಆಕಾಶವಾಣಿಯಲ್ಲಿಯೇ. 1940ರ ಮಾರ್ಚ್ ತಿಂಗಳಿನಿಂದ ಹಾರ್ಮೋನಿಯಂಗೆ ಬಾನುಲಿಯ ಬಾಗಿಲು ಮುಚ್ಚಿತು. ಅದು ಭಾಗಶಃ ತೆರೆದದ್ದು 1971ರಲ್ಲಿ. ಆರೋಪ ಸ್ಪಷ್ಟವಾಗಿತ್ತು: ಈ ವಾದ್ಯದ ಸ್ವರಗಳು ಮೊಳೆ ಹೊಡೆದಂತೆ ನಿಂತಲ್ಲೇ ನಿಲ್ಲುತ್ತವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ತೂಗುವ, ಒಲೆಯುವ ಗಮಕ ಇದಕ್ಕೆ ಸಾಧ್ಯವಿಲ್ಲ. ಅದೇ ಕಾಲದಲ್ಲಿ ನಮ್ಮ ಹಳ್ಳಿಯ ರಂಗಭೂಮಿಯ ಮೇಲೆ ಹಾರ್ಮೋನಿಯಂ ನಿಶ್ಚಿಂತೆಯಿಂದ ಆಳುತ್ತಿತ್ತು ಎಂಬುದು ಬೇರೆ ಮಾತು. ಆದರೆ ಆರೋಪದಲ್ಲಿ ಹುರುಳಿಲ್ಲದೆ ಇರಲಿಲ್ಲ.

ಬ್ಲೂಸ್ ಎಂಬುದು ಗುಲಾಮಗಿರಿಯಿಂದ ಬಿಡುಗಡೆ ಹೊಂದಿಯೂ ನೆಮ್ಮದಿ ಕಾಣದ ಆಫ್ರಿಕ ಮೂಲದ ಅಮೆರಿಕನ್ನರ ಹಾಡು. ನಮ್ಮ ಆದಿಚುಂಚನಗಿರಿಯ ಪರಂಪರೆಯ ಜೋಗಿಗಳು ಕಿನ್ನರಿ ಹಿಡಿದು ಊರೂರು ಅಲೆದಂತೆ, ಅದರ ಗಾಯಕರೂ ಗಿಟಾರನ್ನು ಹೆಗಲಿಗೇರಿಸಿ, ಹಾರ್ಮೋನಿಕವನ್ನು ಜೇಬಿನಲ್ಲಿಟ್ಟುಕೊಂಡು ಅಲೆದವರು. ಆ ಹಾಡಿನ ಜೀವವಿರುವುದು ಬಾಗಿದ ಸ್ವರದಲ್ಲಿ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಅಂತರ ಗಾಂಧಾರಕ್ಕೂ ಸಾಧಾರಣ ಗಾಂಧಾರಕ್ಕೂ ನಡುವೆ ಎಲ್ಲೋ ತೊಳಲಾಡುವ ಒಂದು ಸ್ವರವೇ ಅದರ ನೋವನ್ನು ಹೇಳುತ್ತದೆ. ಮೊಳೆ ಹೊಡೆದ ಸ್ವರಗಳ ವಾದ್ಯದಲ್ಲಿ ಅದನ್ನು ಪಡೆಯುವುದು ಹೇಗೆ?

ಇಲ್ಲಿ ಆಯ್ಕೆಯ ಪ್ರಶ್ನೆ ಬರುತ್ತದೆ. ಹಾರ್ಮೋನಿಕದಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಟ್ರೆಮೊಲೊ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಎರಡು ಸಾಲು ರಂಧ್ರಗಳ ಉದ್ದನೆಯ ವಾದ್ಯ ಇದು. ಪ್ರತಿ ಸ್ವರಕ್ಕೂ ತುಸುವೇ ಭೇದವಿರುವ ಎರಡು ರೀಡುಗಳಿರುವುದರಿಂದ ನಾದ ಸದಾ ಕಂಪಿಸುತ್ತದೆ; ಚಿತ್ರಗೀತೆಗಳಿಗೆ ಬಲು ಇಂಪು. ಎರಡನೆಯದು ಕ್ರೊಮ್ಯಾಟಿಕ್. ಪಕ್ಕದ ಗುಂಡಿಯನ್ನು ಒತ್ತಿದರೆ ಹನ್ನೆರಡು ಸ್ವರಸ್ಥಾನಗಳೂ ದೊರೆಯುತ್ತವೆ. ಮೂರನೆಯದು ಹತ್ತು ರಂಧ್ರಗಳ, ಇಪ್ಪತ್ತು ರೀಡುಗಳ ಡಯಾಟೋನಿಕ್. ಮೂರರಲ್ಲಿ ಎಲ್ಲಕ್ಕಿಂತ ಬಡವಾದುದು ಇದು. ಕೆಲವು ಸ್ವರಗಳೇ ಇದರಲ್ಲಿಲ್ಲ. ಆದರೂ ಬ್ಲೂಸ್ ಒಲಿದದ್ದು ಈ ಬಡ ವಾದ್ಯಕ್ಕೆ.

ಕಾರಣ ಅದರ ರಚನೆಯಲ್ಲಿದೆ. ಟ್ರೆಮೊಲೊದಲ್ಲಿ ಒಂದೊಂದು ರೀಡೂ ಒಂದೊಂದು ಗೂಡಿನಲ್ಲಿ ಒಂಟಿಯಾಗಿದೆ. ಹತ್ತು ರಂಧ್ರದ ವಾದ್ಯದಲ್ಲಿ ಊದುವ ಸ್ವರದ ರೀಡೂ ಎಳೆಯುವ ಸ್ವರದ ರೀಡೂ ಒಂದೇ ಗೂಡಿನಲ್ಲಿ ಒಕ್ಕಲಿವೆ. ನಾಲಗೆಯನ್ನು ಹಿಂದಕ್ಕೆ ಸರಿಸಿ, ಬಾಯೊಳಗಿನ ಅವಕಾಶವನ್ನು ಹಿಗ್ಗಿಸಿ ಉಸಿರೆಳೆದಾಗ ಎರಡೂ ಒಂದಕ್ಕೊಂದು ಸ್ಪಂದಿಸಿ ಸ್ವರ ಕೆಳಗೆ ಜಾರುತ್ತದೆ. ಮೂರನೆಯ ರಂಧ್ರದಲ್ಲಿ ಅದು ಮೂರು ಸ್ವರಸ್ಥಾನಗಳಷ್ಟು ಇಳಿಯಬಲ್ಲದು. ಕ್ರೊಮ್ಯಾಟಿಕ್‌ನಲ್ಲಿ ಸಣ್ಣ ಕವಾಟಗಳು ಈ ಎರಡರ ನಂಟನ್ನು ತಡೆಯುವುದರಿಂದ ಅಂಥ ಜಾರು ಸಿಗದು. 1952ರಲ್ಲಿ ‘ಜೂಕ್’ ಎಂಬ ವಾದನದಿಂದ ಹೆಸರಾದ ಲಿಟ್ಲ್ ವಾಲ್ಟರ್‌ನಂಥವರು ಅದರಲ್ಲಿಯೂ ಬ್ಲೂಸ್ ನುಡಿಸಿದ್ದಾರೆ. ಆದರೆ ಕಲಿಯುವವರಿಗೆ ಅದು ಮೊದಲ ಮೆಟ್ಟಿಲಲ್ಲ.

ಇನ್ನೊಂದು ಸ್ವಾರಸ್ಯವಿದೆ. ಜರ್ಮನಿಯಲ್ಲಿ ಈ ವಾದ್ಯವನ್ನು ಮಾಡಿದವರು ಅಲ್ಲಿಯ ಹಳ್ಳಿ ಹಾಡುಗಳಿಗೆಂದು ಸ್ವರಗಳನ್ನು ಜೋಡಿಸಿದ್ದರು. ಅವರ ಷಡ್ಜದಿಂದ ನುಡಿಸಿದರೆ ಬರುವುದು ನಮ್ಮ ಶಂಕರಾಭರಣದ ಸ್ವರಗಳು. ಬ್ಲೂಸ್ ವಾದಕರು ಆ ವಾದ್ಯದ ಪಂಚಮವನ್ನು ತಮ್ಮ ಷಡ್ಜವಾಗಿ ಹಿಡಿದರು. ಆಗ ದೊರೆಯುವುದು ಹರಿಕಾಂಭೋಜಿಯ ಸ್ವರಗಳು. ನಮ್ಮ ಶಾಸ್ತ್ರಕಾರರು ಇದನ್ನು ಗ್ರಹಭೇದ ಎಂದರು. ಮಂದ್ರ ಭಾಗದ ರಿಷಭವನ್ನಂತೂ ಗಾಂಧಾರವನ್ನು ಬಾಗಿಸಿಯೇ ಸಂಪಾದಿಸಬೇಕು. ವಾದ್ಯ ಕೊಡದುದನ್ನು ಉಸಿರಿನಿಂದ ವಸೂಲು ಮಾಡಿದ ಜನ ಅವರು.

ಹೀಗಾಗಿ ಕೊಳ್ಳುವಾಗ ನೆನಪಿಡಬೇಕಾದದ್ದು: ಪಂಚಮವೇ ಷಡ್ಜವಾಗುವುದರಿಂದ, ಸಿ ಶ್ರುತಿಯ ವಾದ್ಯ ಕೊಂಡರೆ ಬ್ಲೂಸ್ ನುಡಿಯುವುದು ಜಿಯಲ್ಲಿ, ಅಂದರೆ ಐದು ಮನೆ ಶ್ರುತಿಯಲ್ಲಿ. ಒಂದು ಮನೆಯಲ್ಲಿ ಹಾಡುವವರೊಡನೆ ನುಡಿಸಲು ಎಫ್ ವಾದ್ಯ ಬೇಕು. ಕಲಿಯುವವರಿಗೆ ಸಿ ಅಥವಾ ಎ ಅನುಕೂಲ. ತೀರ ತಾರಶ್ರುತಿಯವು ಬಾಗಿಸಲು ಕಷ್ಟ. ಮಾದರಿಗಳಲ್ಲಿ ಹೋನರ್ ಸಂಸ್ಥೆ 1896ರಲ್ಲಿ ತಂದ ಮೆರೀನ್ ಬ್ಯಾಂಡಿಗೆ ಬಹುಕಾಲದ ಕೀರ್ತಿ. ಅದರ ನಡುವಿನ ಚೌಕಟ್ಟು ಮರದ್ದು. ಎಂಜಲಿನ ತೇವಕ್ಕೆ ಉಬ್ಬಿ ತುಟಿಗೆ ಒರಟಾಗಬಹುದು. ಅದೇ ಸಂಸ್ಥೆಯ ಸ್ಪೆಷಲ್ 20ಕ್ಕೆ ಪ್ಲಾಸ್ಟಿಕ್ಕಿನ ಚೌಕಟ್ಟು. ಗಾಳಿ ಸೋರುವುದು ಕಡಿಮೆ, ತುಟಿಗೂ ಹಿತ. 1983ರಲ್ಲಿ ಬಂದ ಲೀ ಆಸ್ಕರ್ ವಾದ್ಯದಲ್ಲಿ ಸವೆದ ರೀಡಿನ ತಗಡುಗಳನ್ನಷ್ಟೇ ಬದಲಿಸಿಕೊಳ್ಳಬಹುದು. ಹಿತ್ತಾಳೆಯ ಬದಲು ಉಕ್ಕಿನ ರೀಡು ಬಳಸುವ ಸೈಡೆಲ್‌ನಂಥವೂ ಇವೆ. ಕಂಚು ಹಿತ್ತಾಳೆಯ ಕೆಲಸಕ್ಕೆ ಹೆಸರಾದ ನಾಗಮಂಗಲದವರಿಗೆ ಲೋಹ ಬದಲಾದರೆ ನಾದವೂ ಬಾಳಿಕೆಯೂ ಬದಲಾಗುತ್ತವೆಂದು ಹೇಳಿಕೊಡಬೇಕಾಗಿಲ್ಲ. ಆದರೂ ಹೊಸಬರು ಲೋಹದ ತರ್ಕಕ್ಕಿಂತ ಗಾಳಿ ಸೋರದಿರುವುದನ್ನು ಮೊದಲು ನೋಡುವುದು ಮೇಲು. ಸೋರುವ ವಾದ್ಯದಲ್ಲಿ ಸ್ವರ ಬಾಗುವುದಿಲ್ಲ.

ಈ ವಿವೇಚನೆಯಲ್ಲಿ ಪಣಕ್ಕಿರುವುದು ಹಣವಷ್ಟೇ ಅಲ್ಲ. ಆಸೆಪಟ್ಟು ಟ್ರೆಮೊಲೊ ಕೊಂಡ ಹುಡುಗನೊಬ್ಬ ತಿಂಗಳುಗಟ್ಟಲೆ ಹೆಣಗಿಯೂ ಆ ಬಾಗಿದ ಸ್ವರ ಬಾರದಿದ್ದಾಗ, ಕೊರತೆ ತನ್ನಲ್ಲಿಯೇ ಇದೆಯೆಂದು ತಿಳಿದು ವಾದ್ಯವನ್ನು ಪೆಟ್ಟಿಗೆಗೆ ಹಾಕುತ್ತಾನೆ. ಹಾಗೆ ಬತ್ತಿಹೋದ ಸಂಗೀತಕ್ಕೆ ಲೆಕ್ಕವಿಟ್ಟವರಿಲ್ಲ.

ಸಾಹಿತ್ಯಾಸಕ್ತರಿಗೆ ಇಲ್ಲಿ ಬೆಳ್ಳೂರಿನ ಬಿ. ಎಂ. ಶ್ರೀಕಂಠಯ್ಯನವರು ನೆನಪಾಗಬಹುದು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಅವರು ಪರದೇಶದ ಭಾವವನ್ನು ತರಲು ಆದಿಪ್ರಾಸದ ಕಟ್ಟು ಸಡಿಲಿಸಿ, ಕನ್ನಡದ ಮಾತ್ರಾಗಣಗಳನ್ನೇ ಹೊಸ ರೀತಿಯಲ್ಲಿ ಜೋಡಿಸಿಕೊಂಡರು. ಛಂದಸ್ಸಿನ ಆಯ್ಕೆ ತಪ್ಪಿದ್ದರೆ ಆ ಭಾವ ನಮ್ಮಲ್ಲಿ ಉಸಿರಾಡುತ್ತಿರಲಿಲ್ಲ. ವಾದ್ಯದ ಮಾತೂ ಅಷ್ಟೆ. ಹೆಚ್ಚು ಸ್ವರಗಳಿರುವುದು ಎಂದೇನೂ ಹಿರಿದಲ್ಲ. ಹೇಳಬೇಕಾದ ಮಾತಿಗೆ ಬಾಗುವಂಥದು ಯಾವುದೋ ಅದೇ ತಕ್ಕ ವಾದ್ಯ.