ದೂರದ ಲೆಕ್ಕ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)





ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಕುಳಿತಾಗಲೆಲ್ಲ ನಾವು ಕೇಳುವ ಮಾತೊಂದಿದೆ: "ಕಾಲೇಜು ದೂರ ಸಾರ್, ಹೆಣ್ಣುಮಗಳನ್ನು ಅಷ್ಟು ದೂರ ಹೇಗೆ ಕಳಿಸುವುದು?" ಆದ್ದರಿಂದ ಇಂದು ದೂರದ ಬಗ್ಗೆಯೇ ನಾಲ್ಕು ಮಾತು ಆಡುತ್ತೇವೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಅತಿ ಹತ್ತಿರದ ಆಕಾಶಮಾರ್ಗ ಸುಮಾರು 14,000 ಕಿಲೋಮೀಟರ್. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲಿಯೂ ಇಳಿಯದೆ 11ರ ನಸುಕಿನಲ್ಲಿ ಬೆಂಗಳೂರು ಮುಟ್ಟಿತು. ತಾರೀಖು ನೋಡಿದರೆ ಒಂದು ದಿನಕ್ಕಿಂತ ಹೆಚ್ಚು. ಹಾರಿದ್ದು ಮಾತ್ರ ಸುಮಾರು 17 ಗಂಟೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ, ಅಷ್ಟೆ. ಆ ವಿಮಾನ ನಡೆಸಿದ ಪೈಲಟ್‌ಗಳೆಲ್ಲರೂ ಹೆಣ್ಣುಮಕ್ಕಳು. ಮುಂದಾಳು ಕ್ಯಾಪ್ಟನ್ ಝೋಯಾ ಅಗರ್ವಾಲ್.

ಅವರು ಬಂದದ್ದು ಉತ್ತರ ಧ್ರುವದ ದಾರಿಯಲ್ಲಿ. ಗೋಡೆಯ ನಕಾಶೆಯಲ್ಲಿ ನೋಡಿದರೆ ಇದು ಸುತ್ತುದಾರಿ ಅನಿಸುತ್ತದೆ. ಮಕ್ಕಳೇ, ಶಾಲೆಯ ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗಿಯೇ ಧ್ರುವದ ಕಡೆಗೆ ಜಾರುತ್ತದೆ. ಭೂಮಿ ದುಂಡಗಿದೆ, ಅದರ ಮೇಲೆ ಹತ್ತಿರದ ದಾರಿ ಅದೇ.

ಈ ಲೆಕ್ಕ ನಮಗೆ ಹೊಸದಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ನಮ್ಮವರು ನಮಾಝಿಗೆ ಈಶಾನ್ಯದ ಕಡೆ ನಿಲ್ಲುವುದು ಇದೇ ಲೆಕ್ಕದಿಂದ. ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿ ಅವರು ಗಝ್ನಿ ಪಟ್ಟಣದಿಂದ ಕಿಬ್ಲಾದ ದಿಕ್ಕು ತಿಳಿಯಲು ಊರೂರುಗಳ ಅಕ್ಷಾಂಶ, ರೇಖಾಂಶ, ನಡುವಣ ದೂರ ಎಲ್ಲವನ್ನೂ ಗಣಿತದಿಂದ ಬಿಡಿಸಿದರು.

ಹೆತ್ತವರೇ, 14,000 ಕಿಲೋಮೀಟರ್ ದೂರವನ್ನು ಲೆಕ್ಕ ಬಲ್ಲವರು 17 ಗಂಟೆಗೆ ಇಳಿಸಿದ್ದಾರೆ. ನಮ್ಮ ಮಕ್ಕಳ ಓದು ನಿಲ್ಲುತ್ತಿರುವುದು ಅಷ್ಟು ದೂರದಲ್ಲಲ್ಲ. ಹಳ್ಳಿಯಿಂದ ವಿಜ್ಞಾನ ಕಾಲೇಜಿಗೆ ಎರಡು ಬಸ್ ಬದಲಿಸಬೇಕು, ಸಂಜೆಯ ಬಸ್ ತಪ್ಪಿದರೆ ಕತ್ತಲಾಗುತ್ತದೆ. ಆ ಮೂವತ್ತು ಕಿಲೋಮೀಟರಿಗೆ ಹೆದರಿ ಗಣಿತದಲ್ಲಿ ಮುಂದಿದ್ದ ಹುಡುಗಿ ಮನೆಯಲ್ಲಿ ಕೂರುತ್ತಾಳೆ. ನಿಮ್ಮ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ನಮಗೂ ಹೆಣ್ಣುಮಕ್ಕಳಿದ್ದಾರೆ. ಆದರೆ ಆ ಭಯಕ್ಕೆ ಪರಿಹಾರವಿದೆ: ಕಾಲೇಜಿನ ಹತ್ತಿರ ಒಂದು ಒಳ್ಳೆಯ ಹಾಸ್ಟೆಲ್.

ದಾನಿಗಳಲ್ಲಿ ನಮ್ಮ ವಿನಂತಿಯೂ ಇದೇ. ಕಾಲೇಜು ಶುಲ್ಕವೊಂದನ್ನೇ ಕಟ್ಟಿದರೆ ಅರ್ಧ ದಾರಿಯಷ್ಟೇ ಸಾಗಿದಂತೆ. ಹಾಸ್ಟೆಲ್ ಮತ್ತು ಪ್ರಯಾಣದ ಖರ್ಚನ್ನೂ ನಿಮ್ಮ ದಾನದಲ್ಲಿ ಸೇರಿಸಿ. ಹೆತ್ತವರು ಈ ಖರ್ಚನ್ನು ಅರ್ಜಿಯಲ್ಲಿ ಸಂಕೋಚವಿಲ್ಲದೆ ಬರೆಯಿರಿ.

ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ನಮ್ಮ ಮಕ್ಕಳ ದಾರಿಯನ್ನು ಸುಗಮಗೊಳಿಸಲಿ. ಆಮೀನ್.